ನೀತಿ: ಕೂಲಿಯೋ, ಕೊಡುಗೆಯೋ?

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ಇಕ್ಕಟ್ಟಿನೊಳಗೆ ನುಸುಳುತ್ತದೆ. ಅಲ್ಲಿಯೇ ಅದಕ್ಕೆ ಅಣೆಕಟ್ಟು. ಹಿಂದೆ ಹರಡಿರುವ ಜಲಾಶಯಕ್ಕೆ ಸಮೀಪದ ಗುಡ್ಡದ ಎಲ್ಲಮ್ಮನ ನೆನಪಿನಲ್ಲಿ ರೇಣುಕಾಸಾಗರವೆಂಬ ಹೆಸರು. ಒಂದು ಮಳೆಗಾಲದ ಸಂಜೆ ಅದರ ದಂಡೆಯಲ್ಲಿ ನಿಂತಿದ್ದಾಗ, ಜೊತೆಗಿದ್ದ ರೈತಮಿತ್ರರು ನನ್ನನ್ನು ಕೇಳಿದರು: ‘ನಿಮ್ಮ ಧರ್ಮದಾಗ ಬರೇ ನಂಬಿದ್ರ ಸಾಕಂತಲ್ರೀ ಸರ? ಹಂಗಾದ್ರ ದುಡಿಯಾವಗೂ ಒಂದ, ಮಲಗಾವಗೂ ಒಂದ ಏನು?’

ಕಾಯಕವನ್ನು ಉಸಿರಾಗಿಸಿಕೊಂಡ ಶರಣರ ನಾಡಿನಲ್ಲಿ ಈ ಪ್ರಶ್ನೆ ಸಹಜವಾದದ್ದು. ಆದರೆ ಅದು ನನ್ನನ್ನು ಚುಚ್ಚಿದ್ದು ಬೇರೆ ಕಾರಣಕ್ಕೆ. ನನ್ನ ತಂದೆ ಶಾಲಾ ಮಾಸ್ತರರಾಗಿದ್ದರು. ದಿನದ ಕರ್ತವ್ಯಗಳನ್ನು, ತಪ್ಪುಗಳನ್ನು ವಹಿಯಲ್ಲಿ ಬರೆದಿಡುತ್ತಿದ್ದವರು. ಕೊನೆಯ ದಿನಗಳಲ್ಲಿ ಅವರು ಕೇಳಿದ್ದು ಒಂದೇ ಮಾತು: ‘ನಾ ಮಾಡಿದ್ದು ಸಾಕಾತೇನಪಾ?’ ಮನುಷ್ಯನು ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ನೀತಿವಂತನೆನಿಸುತ್ತಾನೆ ಎಂಬ ಪೌಲನ ಬೋಧನೆಯನ್ನು ನಾನು ಒಪ್ಪಿಸಿದೆ. ಅದು ಸರಿಯಾದ ಉತ್ತರವೇ ಆಗಿತ್ತು. ಆದರೂ ಅವರಿಗೆ ಸಮಾಧಾನವಾಗಲಿಲ್ಲ.

ತೊಡಕಿನ ಒಂದು ಎಳೆ ನಮ್ಮ ಭಾಷೆಯಲ್ಲಿಯೇ ಇದೆ. ಕನ್ನಡ ಬೈಬಲಿನಲ್ಲಿ ಇದಕ್ಕೆ ಬಳಕೆಯಾದ ಪದ ‘ನೀತಿ’. ಕನ್ನಡದ ಕಿವಿಗೆ ನೀತಿಯೆಂದರೆ ನಡತೆ, ಮನುಷ್ಯ ರೂಢಿಸಿಕೊಳ್ಳುವ ಗುಣ. ಪೌಲನ ಗ್ರೀಕ್ ಪದಕ್ಕಾದರೋ ನ್ಯಾಯಸ್ಥಾನದ ಛಾಯೆಯಿದೆ. ಅಲ್ಲಿ ನೀತಿವಂತನೆಂದರೆ ನ್ಯಾಯಾಧೀಶನ ತೀರ್ಪಿನಿಂದ ದೋಷಮುಕ್ತನಾಗಿ ಹೊರಬಂದವನು. ಸುನ್ನತಿಗೆ ಮೊದಲೇ ಅಬ್ರಹಾಮನು ನೀತಿವಂತನೆನಿಸಿದನೆಂದು ಪೌಲನು ವಾದಿಸುವುದು ಈ ಅರ್ಥದಲ್ಲಿ. ನಾವು ತೀರ್ಪನ್ನು ನಡತೆಯ ಅಂಕಪಟ್ಟಿಯಾಗಿ ಓದಿಕೊಳ್ಳುತ್ತೇವೆ.

ಯಾಕೋಬನ ಪತ್ರಿಕೆ ಇನ್ನೊಂದು ದಿಕ್ಕಿನಿಂದ ಎಚ್ಚರಿಸುತ್ತದೆ. ಹಸಿದವನಿಗೆ ಶುಭ ಹಾರೈಸಿ ಬರಿಗೈಯಲ್ಲಿ ಕಳುಹಿಸುವ ನಂಬಿಕೆ ಸತ್ತದ್ದೆಂಬುದು ಅವನ ನಿಲುವು. 1522ರ ಜರ್ಮನ್ ಅನುವಾದದಲ್ಲಿ ‘ನಂಬಿಕೆ’ಯ ಪಕ್ಕದಲ್ಲಿ ‘ಮಾತ್ರ’ ಎಂಬ ಪದವನ್ನು ಸೇರಿಸಿದ ಲೂಥರನಿಗೆ ಈ ಪತ್ರಿಕೆ ಹಿಡಿಸಿರಲಿಲ್ಲ. ಶತಮಾನಗಳ ಕಾಲ ಸಭೆಗಳನ್ನು ಒಡೆದ ಈ ಜಗಳದಲ್ಲಿ ಕ್ಯಾಥೊಲಿಕ್ ಮತ್ತು ಲೂಥರನ್ ಸಭೆಗಳು 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೊಡಿಸ್ಟರೂ ಅದಕ್ಕೆ ಸಮ್ಮತಿಸಿದರು. ದೇವರ ಸ್ವೀಕಾರ ಕೃಪೆಯಿಂದಲೇ, ಸತ್ಕಾರ್ಯ ಅದರ ಫಲ ಎಂಬುದು ಆ ಒಪ್ಪಂದದ ತಿರುಳು.

ನಮ್ಮ ಸೀಮೆ ಇದನ್ನು ಬದುಕಿನಲ್ಲಿಯೇ ಕಂಡಿದೆ. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಶನ್ನಿನವರು ಕ್ರಿಯೆಗಳಿಂದ ಮುಕ್ತಿಯಿಲ್ಲವೆಂದು ಸಾರಿದರು. ಆದರೆ ಅವರಷ್ಟು ದುಡಿದವರು ವಿರಳ. ಶಾಲೆ, ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ. 1894ರಲ್ಲಿ ಕಿಟ್ಟೆಲರ ನಿಘಂಟು. ಈ ದುಡಿಮೆ ಮುಕ್ತಿಗೆ ತೆತ್ತ ಬೆಲೆಯಲ್ಲವೆಂಬುದು ಅವರ ಬೋಧನೆ. ಆದರೆ ಅವರ ಶಿಸ್ತು ನಮ್ಮ ಮನೆಗಳಿಗೆ ಇಳಿದುಬಂದಾಗ, ಕೃಪೆಯ ಮಾತು ಭಾನುವಾರಕ್ಕೆ ಉಳಿದು, ಲೆಕ್ಕದ ವಹಿ ಉಳಿದ ಆರು ದಿನಗಳನ್ನು ಆಳಿತು. ನನ್ನ ತಂದೆ ಆ ವಹಿಯ ಮಗ.

ನವಿಲುತೀರ್ಥದಲ್ಲಿ ಮಿತ್ರರಿಗೆ ನಾನು ಯೇಸುವಿನ ದ್ರಾಕ್ಷಿತೋಟದ ಸಾಮ್ಯವನ್ನು ಹೇಳಿದೆ. ಬೆಳಿಗ್ಗೆ ಬಂದವನಿಗೂ ಹೊತ್ತು ಇಳಿದ ಮೇಲೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟ ಕಥೆಯದು. ‘ಇದು ನ್ಯಾಯ ಅಲ್ಲ ಬಿಡ್ರಿ’ ಎಂದು ನಕ್ಕರು. ಸ್ವಲ್ಪ ಹೊತ್ತು ನೀರನ್ನು ನೋಡಿ, ‘ಆದ್ರ ಮಳಿ ನಾ ತಂದಿಲ್ಲ. ನೀರು ಬಂದ ಮ್ಯಾಲ ಹೊಲಕ್ಕ ಹೋಗದ ಮನ್ಯಾಗ ಕುಂದ್ರಾಕ ಆಕ್ಕೈತೇನ್ರೀ?’ ಎಂದರು.

ನಾನು ತಂದೆಗೆ ಹೇಳಲಾರದೇ ಹೋದದ್ದು ಇದೇ. ರೈತನ ಬೆವರು ಮೋಡವನ್ನು ಕೊಳ್ಳುವುದಿಲ್ಲ. ಬಂದ ನೀರಿಗೆ ಬೆವರು ಕೊಡುವ ಉತ್ತರ ಅದು. ಯಾಕೋಬನ ಎಚ್ಚರಿಕೆಯೂ ಇಲ್ಲಿಯೇ ಉಂಟು. ಕಾಲುವೆಯ ಕೊನೆಯಂಚಿನ ರೈತ ಮೇಲಿನವರಷ್ಟೇ ದುಡಿಯುತ್ತಾನೆ. ಮೇಲಿನವರು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಂಡರೆ ಅವನ ಹೊಲ ಒಣಗುತ್ತದೆ. ಬಿಟ್ಟಿಯಾಗಿ ಪಡೆದದ್ದನ್ನು ಮುಂದೆ ಹರಿಯಬಿಡದವನು, ತನಗೆ ನಂಬಿಕೆಯಿದೆಯೆಂದು ಯಾವ ಬಾಯಿಂದ ಹೇಳಿಯಾನು? ಹೋಲಿಕೆಗೆ ಮಿತಿಯಿದೆ, ನಿಜ. ಬರಗಾಲದಲ್ಲಿ ಜಲಾಶಯ ತುಂಬುವುದಿಲ್ಲ. ಕೃಪೆಗೆ ಬರಗಾಲವಿಲ್ಲವೆಂಬುದೇ ಕ್ರೈಸ್ತನ ನಂಬಿಕೆ.

ತಂದೆಯ ವಹಿ ಈಗಲೂ ನನ್ನ ಬಳಿ ಇದೆ. ಶುಲ್ಕ ಕಟ್ಟಿಕೊಟ್ಟ ಮಕ್ಕಳ ಹೆಸರುಗಳು ಅದರಲ್ಲಿವೆ. ಗದರಿದ ಮಕ್ಕಳ ಹೆಸರುಗಳೂ ಇವೆ. ಅವರು ಅದನ್ನು ತೀರದ ಸಾಲದ ಲೆಕ್ಕವೆಂದು ಓದುತ್ತಿದ್ದರು. ಇಂದು ಅವರ ಬಳಿ ಕುಳಿತುಕೊಳ್ಳುವ ಅವಕಾಶ ಸಿಕ್ಕರೆ ನಾನು ಪೌಲನನ್ನು ಒಪ್ಪಿಸಲಾರೆ. ವಹಿಯನ್ನು ಅವರ ಕೈಗಿತ್ತು ಇಷ್ಟೇ ಹೇಳುವೆ: ‘ಅಪ್ಪಾ, ಇದು ಸಾಲ ಅಲ್ಲ, ಬೆಳಿ. ಸಾಲ ಎಂದೋ ತೀರೇತಿ.’