ಶರೀಫರ ಪದ, ಅಶ್ವಥ್ ಕಂಠ, ನಮ್ಮೂರ ಮಟ್ಟು

ತಲೆಮಾರು ಬದಲಾದರೂ ಕೇಳುಗರ ಪ್ರೀತಿ ಕುಂದದ ಧ್ವನಿಮುದ್ರಿಕೆಗಳು ಕನ್ನಡದಲ್ಲಿ ವಿರಳ. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕಾಗಿ ಸಿ. ಅಶ್ವಥ್ ಸಂಯೋಜಿಸಿದ ಹಾಡುಗಳು ಆ ಸಾಲಿಗೆ ಸೇರುತ್ತವೆ. ಶರೀಫರ (1819–1889) ತತ್ತ್ವಪದಗಳು, ಶಿಗ್ಗಾವಿ ಸೀಮೆಯ ಆಡುಮಾತಿನ ಸೊಗಡಿನೊಡನೆ, ಬೆಂಗಳೂರು–ಮೈಸೂರಿನ ಮನೆಮನೆಗೂ ತಲುಪಿದ್ದರಲ್ಲಿ ಇಂಥ ಕ್ಯಾಸೆಟ್ಟುಗಳ ಪಾಲು ದೊಡ್ಡದು.

ಗೋಕಾಕ ಸೀಮೆಯ ನಮ್ಮ ಮೇಲವಂಕಿಗೆ ಶರೀಫರು ಬಂದದ್ದು ಕ್ಯಾಸೆಟ್ಟಿನ ಮೂಲಕವಲ್ಲ. ನನ್ನ ಬಾಲ್ಯದಲ್ಲಿ ಅಮಾವಾಸ್ಯೆಯ ಭಜನೆಗಳಲ್ಲಿ ಏಕತಾರಿ, ದಮ್ಮಡಿಗಳೊಡನೆ ಈ ಪದಗಳನ್ನು ಹಾಡುತ್ತಿದ್ದರು. ಒಂದೇ ಪದಕ್ಕೆ ಓಣಿಗೊಂದು ಮಟ್ಟು. ನಿವೃತ್ತನಾಗಿ ಮರಳಿದಾಗ ತರುಣರೆಲ್ಲ ಅಶ್ವಥ್ ಅವರ ಮಟ್ಟಿನಲ್ಲೇ ಹಾಡುತ್ತಿದ್ದರು. ಹಳೆಯ ಮಟ್ಟು ಬಲ್ಲವರು ಇಬ್ಬರೋ ಮೂವರೋ ಹಿರಿಯರು ಮಾತ್ರ.

ಇದಕ್ಕಾಗಿ 2009ರಲ್ಲಿ ಅಗಲಿದ ಆ ಗಾಯಕರನ್ನು ದೂರುವುದು ತರವಲ್ಲ. ಅವರ ಕಂಠದ ಸೆಳೆತವಿಲ್ಲದಿದ್ದರೆ ಈ ತರುಣರು ಭಜನೆಯ ಕಡೆ ಸುಳಿಯುತ್ತಿದ್ದರೆಂಬ ಭರವಸೆ ನನಗಿಲ್ಲ. 2008ರಲ್ಲಿ ರಘು ದೀಕ್ಷಿತ್ ತಮ್ಮ ಚೊಚ್ಚಲ ಆಲ್ಬಮ್‌ನಲ್ಲಿ ಗಿಟಾರಿನೊಡನೆ ಶರೀಫರನ್ನು ಹಾಡಿದಾಗಲೂ ಹೊಸ ಕೇಳುಗರು ದೊರೆತರು. ಪದ ಬದುಕುವುದು ಹೀಗೆಯೇ.

ಎಷ್ಟು ಜನ ಬಳಸಿದರೂ ಸವೆಯದ ಸರಕುಗಳುಂಟು ಎನ್ನುತ್ತದೆ ಅರ್ಥಶಾಸ್ತ್ರ. ಹಾಡೂ ಅಂಥದೇ, ಆದರೆ ಮುದ್ರಣವಾಗದ ಮಟ್ಟು, ಯಾರೂ ಹಾಡದೆ ಹೋದರೆ, ಬಲ್ಲವರೊಡನೆಯೇ ಮಣ್ಣಾಗುತ್ತದೆ. ಅಂದು ಧ್ವನಿಮುದ್ರಣಕ್ಕೆ ಸ್ಟುಡಿಯೊ ಬೇಕಿತ್ತು. ಇಂದು ಮೊಬೈಲ್ ಸಾಕು. ಅಶ್ವಥ್ ಅವರನ್ನು ಮೆಚ್ಚುವ ನಾವು ಅವರ ಹಾಡು ಕೇಳುತ್ತಲೇ, ನಮ್ಮ ನಮ್ಮ ಊರಿನ ಹಿರಿಯರೊಬ್ಬರ ಮುಂದೆ ಕುಳಿತು ಒಂದು ಮಟ್ಟನ್ನಾದರೂ ದಾಖಲಿಸಿಕೊಳ್ಳಬೇಕು. ಈ ಕೆಲಸ ಸರ್ಕಾರದ ಸುತ್ತೋಲೆಗೆ ಕಾಯುವಂಥದ್ದಲ್ಲ.