ತಿಳಿ (ಪದ)

ತಿಳಿ ಎಂಬುದು ಕನ್ನಡದ ಒಂದು ದೇಶ್ಯ ಪದ. ಬಣ್ಣದ ಹೆಸರಿನ ಹಿಂದೆ ಬಂದಾಗ ಇದು ಆ ಬಣ್ಣ ಗಾಢವಾಗಿಲ್ಲ ಎಂಬುದನ್ನು ಸೂಚಿಸುತ್ತದೆ (ತಿಳಿನೀಲಿ, ತಿಳಿಹಳದಿ, ತಿಳಿಹಸಿರು). ನಿರ್ಮಲವಾದ, ಸರಳವಾದ, ಗಂಜಿಯ ನೀರು ಹಾಗೂ ಅರಿಯುವುದು ಎಂಬ ಅರ್ಥಗಳೂ ಇದಕ್ಕಿವೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶಗಳಲ್ಲಿ ಕನ್ನಡ ಮತ್ತು ತುಳು ಜೊತೆಜೊತೆಯಾಗಿ ಬಳಕೆಯಲ್ಲಿರುವುದರಿಂದ ಈ ಅರ್ಥವೈವಿಧ್ಯ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ವ್ಯುತ್ಪತ್ತಿ

ತಿಳಿ ಪದದ ಮೂಲಾರ್ಥ ಕದಡಿದ್ದು ನೆಲೆಗೊಂಡು ಸ್ವಚ್ಛವಾಗುವುದು. ತಮಿಳು ಮತ್ತು ಮಲಯಾಳಂಗಳ 'ತೆಳಿ', ತೆಲುಗಿನ 'ತೆಲಿಯು' (ಅರಿ) ಇದರ ಜ್ಞಾತಿ ಪದಗಳು. ತೆಲುಗಿನಲ್ಲಿ 'ತೆಲುಪು' ಎಂದರೆ ಬಿಳಿ. ಮಲಯಾಳಂನಲ್ಲಿ 'ತೆಳಿವ್' ಎಂದರೆ ಸಾಕ್ಷ್ಯ. ಸ್ವಚ್ಛತೆ, ಬೆಳಕು ಮತ್ತು ಅರಿವು ಒಂದೇ ಧಾತುವಿನಲ್ಲಿ ಕೂಡಿರುವುದು ಹೀಗೆ ದ್ರಾವಿಡ ಭಾಷೆಗಳಲ್ಲಿ ವ್ಯಾಪಕವಾಗಿದೆ.

ಅರ್ಥಗಳು

ನಿರ್ಮಲ: ತಿಳಿನೀರು, ತಿಳಿಗೊಳ. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ನೇತ್ರಾವತಿ ಮಳೆ ನಿಂತ ಬಳಿಕ 'ತಿಳಿಯಾಗುತ್ತದೆ'. ಇದೇ ಅರ್ಥ ಮನಸ್ಸಿಗೂ ಸನ್ನಿವೇಶಕ್ಕೂ ವಿಸ್ತರಿಸಿದೆ. 'ಪರಿಸ್ಥಿತಿ ತಿಳಿಗೊಂಡಿತು' ಎಂದರೆ ಉದ್ವಿಗ್ನತೆ ಶಮನವಾಯಿತು ಎಂದರ್ಥ; 'ತಿಳಿದುಕೊಂಡಿತು' ಎಂಬುದರ ಅರ್ಥ ಬೇರೆ.

ಸರಳ, ಹಗುರ: ತಿಳಿಗನ್ನಡ, ತಿಳಿಹಾಸ್ಯ.

ದ್ರವ: ತಿಳಿಸಾರು, ಗಂಜಿಯ ತಿಳಿ. ಕುಚ್ಚಲಕ್ಕಿಯ ಗಂಜಿಯಿಂದ ಬೇರ್ಪಟ್ಟ ನೀರಿಗೆ ತುಳುವಿನಲ್ಲಿ 'ತೆಳಿ' ಅಥವಾ 'ತೆಲಿ' ಎನ್ನುತ್ತಾರೆ. ಈ ನೀರು ಪಾರದರ್ಶಕವಲ್ಲ, ಮಬ್ಬು ಬಿಳುಪಾಗಿರುತ್ತದೆ. ಅಗುಳಿಲ್ಲದ ತೆಳುಭಾಗ ಎಂಬುದೇ ಇಲ್ಲಿ ಮುಖ್ಯ.

ಅರಿವು: ಕ್ರಿಯಾಪದವಾಗಿ 'ತಿಳಿ' ಎಂದರೆ ಅರಿ. ತಿಳಿಸು, ತಿಳಿವಳಿಕೆ, ತಿಳಿಗೇಡಿ ಪದಗಳು ಇದರಿಂದ ಬಂದಿವೆ. ತುಳುವಿನಲ್ಲಿ ಈ ಅರ್ಥಕ್ಕೆ 'ತೆರಿಯುನಿ' ಎಂಬ ಪದವಿದೆ. ಆದ್ದರಿಂದ ಕನ್ನಡದ ಒಂದೇ 'ತಿಳಿ'ಯ ಸ್ಥಾನದಲ್ಲಿ ತುಳು ಭಾಷಿಕರಿಗೆ ಗಂಜಿಯ ನೀರಿಗೊಂದು, ಅರಿವಿಗೊಂದು ಪ್ರತ್ಯೇಕ ಪದ ದೊರೆಯುತ್ತದೆ.

ಬಣ್ಣಸೂಚಕವಾಗಿ

ತಿಳಿ ಬಣ್ಣಕ್ಕೆ ವಿರುದ್ಧವಾದುದು ಗಾಢ, ಕಡು ಅಥವಾ ದಟ್ಟ ಬಣ್ಣ. ಸಮೀಪಾರ್ಥಕ ಪದಗಳಿದ್ದರೂ ಅವು ಸಂಪೂರ್ಣ ಪರ್ಯಾಯಗಳಲ್ಲ. 'ನಸು' (ನಸುಗೆಂಪು) ಬಣ್ಣದ ಅಲ್ಪಪ್ರಮಾಣವನ್ನೂ, 'ಎಳೆ' (ಎಳೆಹಸಿರು) ಚಿಗುರಿನ ಹೊಸತನವನ್ನೂ ಹೇಳುತ್ತವೆ. 'ಮಾಸಲು' ಬಣ್ಣವು ಬಳಕೆಯಿಂದ ಅಥವಾ ಕೊಳೆಯಿಂದ ಕಳೆಗುಂದಿದ್ದು. 'ಬಿಳಿಚು' ಸಾಮಾನ್ಯವಾಗಿ ಭಯ ಅಥವಾ ಅನಾರೋಗ್ಯದಿಂದ ಮುಖ ರಕ್ತಹೀನವಾಗುವುದು. ತಿಳಿ ಬಣ್ಣದಲ್ಲಿ ಇಂತಹ ಕೊರತೆಯ ಸೂಚನೆಯಿಲ್ಲ. ಹೊಸ ಸೀರೆ ತಿಳಿನೀಲಿ ಇರಬಹುದು, ಹಳೆಯ ಸೀರೆ ಮಾಸಲು ನೀಲಿ.

ವಿಜ್ಞಾನ ಬರವಣಿಗೆಯಲ್ಲಿ

ಎರಡು ಅರ್ಥಗಳು ಬೆರೆಯುವ ಸಂಭವ ಹೆಚ್ಚಾಗಿರುವುದು ರಸಾಯನಶಾಸ್ತ್ರದಲ್ಲಿ. 'ಸುಣ್ಣದ ತಿಳಿನೀರು' ಎಂಬಲ್ಲಿ ತಿಳಿ ಎಂದರೆ ಪಾರದರ್ಶಕ, ಅದಕ್ಕೆ ಬಣ್ಣವಿಲ್ಲ. ಇಂಗಾಲದ ಡೈಆಕ್ಸೈಡ್ ಹಾಯಿಸಿದಾಗ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಂಟಾಗಿ ಅದು ಹಾಲಿನಂತಾಗುತ್ತದೆ, ಅಂದರೆ ತಿಳಿತನ ಕಳೆದುಕೊಳ್ಳುತ್ತದೆ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನಿಟ್ಟಾಗ ದ್ರಾವಣವು 'ತಿಳಿಹಸಿರು' ಆಗುತ್ತದೆ ಎಂಬಲ್ಲಿ ತಿಳಿ ಎಂಬುದು ಬಣ್ಣದ ಪ್ರಮಾಣ. ತಿಳಿಹಸಿರು ದ್ರಾವಣ ಕದಡಿರಲೂಬಹುದು. ಗಾಢ ನೀಲಿ ದ್ರಾವಣ ತಿಳಿಯಾಗಿರಲೂಬಹುದು. ಆದ್ದರಿಂದ 'ತಿಳಿಹಸಿರು ದ್ರಾವಣ' ಮತ್ತು 'ತಿಳಿಯಾದ ಹಸಿರು ದ್ರಾವಣ' ಎಂಬ ಎರಡು ವೀಕ್ಷಣೆಗಳನ್ನು ಒಂದೆಂದು ಬರೆದರೆ ತಪ್ಪಾಗುತ್ತದೆ.

ವ್ಯಾಕರಣ

ತಿಳಿ + ಕೊಳ = ತಿಳಿಗೊಳ, ತಿಳಿ + ಕನ್ನಡ = ತಿಳಿಗನ್ನಡ ಎಂಬಲ್ಲಿ ಕಕಾರಕ್ಕೆ ಗಕಾರ ಬಂದು ಆದೇಶ ಸಂಧಿಯಾಗುತ್ತದೆ. ತಿಳಿನೀಲಿ, ತಿಳಿಹಸಿರು ಪದಗಳಲ್ಲಿ ಇಂತಹ ಬದಲಾವಣೆಯಿಲ್ಲ. ಇವೆಲ್ಲ ಕರ್ಮಧಾರಯ ಸಮಾಸಕ್ಕೆ ಉದಾಹರಣೆಗಳು.

ಸಾಹಿತ್ಯಿಕ ಹಿನ್ನೆಲೆ

16ನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ಸಾಂಗತ್ಯದಲ್ಲಿ 'ಭರತೇಶ ವೈಭವ'ವನ್ನು ರಚಿಸಿದನು. ತನ್ನ ಕಾವ್ಯವನ್ನು ಕನ್ನಡಿಗರು, ತೆಲುಗರು, ತುಳುವರು ತಮ್ಮ ತಮ್ಮ ನುಡಿಗಳಲ್ಲಿ ಮೆಚ್ಚಬೇಕೆಂದು ಆತ ಆರಂಭದಲ್ಲಿ ಆಶಿಸಿದ್ದಾನೆ. ಈ ಪ್ರದೇಶದ ಬಹುಭಾಷಿಕತೆ ಹಳೆಯದೆಂಬುದಕ್ಕೆ ಇದು ನಿದರ್ಶನ. ಆ ಮೂರು ನುಡಿಗಳಲ್ಲೂ 'ತಿಳಿ'ಯನ್ನು ಹೋಲುವ ಪದಗಳು ಇಂದಿಗೂ ಬೇರೆಬೇರೆ ಅರ್ಥಛಾಯೆಗಳೊಂದಿಗೆ ಬಳಕೆಯಲ್ಲಿವೆ.