ನೆಲದಡಿಯ ಸಾಕ್ಷ್ಯ, ನೆಲದ ಮೇಲಿನ ನಂಬಿಕೆ: ಉತ್ತರ ಬೆಂಗಳೂರಿನ ಮೂರು ನಿದರ್ಶನಗಳು

ಪುರಾತತ್ತ್ವವನ್ನು ವಸ್ತುವಾಗಿಸಿಕೊಂಡ ರೋಚಕ ಚಲನಚಿತ್ರಗಳಲ್ಲಿ, ನೆಲದೊಳಗಿನಿಂದ ಹೊರಬಂದ ಅವಶೇಷವೊಂದು ಧರ್ಮದ ತಳಹದಿಯನ್ನೇ ಅಲುಗಿಸುತ್ತದೆ ಎಂಬ ಕಲ್ಪನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ರಿಚರ್ಡ್ ಬೆನ್ ಸೇಪಿರ್ ಅವರ ೧೯೮೩ರ ಕಾದಂಬರಿಯನ್ನು ಆಧರಿಸಿ ಜೋನಾಸ್ ಮೆಕಾರ್ಡ್ ನಿರ್ದೇಶಿಸಿದ, ೨೦೦೧ರ ‘ದಿ ಬಾಡಿ’ ಈ ಬಗೆಯ ಚಿತ್ರಗಳಿಗೆ ಒಳ್ಳೆಯ ಮಾದರಿ. ಜೆರುಸಲೇಮಿನ ಪ್ರಾಚೀನ ಸಮಾಧಿಯೊಂದರಲ್ಲಿ ಪುರಾತತ್ತ್ವಜ್ಞೆಯೊಬ್ಬಳಿಗೆ ಶಿಲುಬೆಗೇರಿಸಿದ ಗುರುತುಗಳುಳ್ಳ ಅಸ್ಥಿಪಂಜರ ದೊರೆಯುತ್ತದೆ. ಸಮಾಧಿಯ ಕಾಲವನ್ನು ಸೂಚಿಸುವುದು ರೋಮನ್ ಅಧಿಕಾರಿ ಪೊಂತಿಯ ಪಿಲಾತನ ಆಡಳಿತದ ನಾಣ್ಯ. ಅದು ಯೇಸುವಿನ ದೇಹವೇ ಆಗಿದ್ದಲ್ಲಿ ಪುನರುತ್ಥಾನದ ನಂಬಿಕೆಯ ಗತಿಯೇನು ಎಂಬ ಆತಂಕದಿಂದ ವ್ಯಾಟಿಕನ್ ಒಬ್ಬ ಪಾದ್ರಿಯನ್ನು ಕಳುಹಿಸುತ್ತದೆ. ಇಸ್ರೇಲ್ ಮತ್ತು ಪ್ಯಾಲೆಸ್ತೀನಿನ ರಾಜಕೀಯ ಹಿತಾಸಕ್ತಿಗಳು ಅದೇ ಮೂಳೆಗಳನ್ನು ಚೌಕಾಶಿಯ ವಸ್ತುವಾಗಿಸುತ್ತವೆ.

ವಾಸ್ತವದಲ್ಲಿ ನಡೆದದ್ದು ಇದಕ್ಕಿಂತ ಸರಳವಾಗಿದೆ. ೧೯೬೮ರಲ್ಲಿ ಜೆರುಸಲೇಮಿನ ಈಶಾನ್ಯದ ಗಿವಾತ್ ಹ-ಮಿವ್ತಾರ್ ಎಂಬಲ್ಲಿ ವಾಸಿಲಿಯೋಸ್ ತ್ಸಫೇರಿಸ್ ಅವರು ಶೋಧಿಸಿದ ಸಮಾಧಿಯ ಅಸ್ಥಿಪೆಟ್ಟಿಗೆಯೊಂದರಲ್ಲಿ ಹಿಮ್ಮಡಿಯ ಮೂಳೆಯನ್ನು ಸೀಳಿ ಹೋಗಿದ್ದ ಕಬ್ಬಿಣದ ಮೊಳೆ ದೊರೆಯಿತು. ಪೆಟ್ಟಿಗೆಯ ಮೇಲೆ ಯೆಹೋಹಾನನ್ ಎಂಬ ಹೆಸರಿತ್ತು. ಶಿಲುಬೆಯ ಶಿಕ್ಷೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಅದು ಅಪರೂಪದ ಭೌತಿಕ ಸಾಕ್ಷ್ಯವಾಯಿತು. ಯಾವ ನಂಬಿಕೆಯೂ ಅದರಿಂದ ಕುಸಿಯಲಿಲ್ಲ. ಹೀಗಿರುವಾಗ ಪುರಾತತ್ತ್ವ, ಶ್ರದ್ಧೆ, ರಾಜಕೀಯ ಈ ಮೂರೂ ನಿಜವಾಗಿ ಎದುರಾಗುವುದು ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರ ಬೆಂಗಳೂರಿನ ಯಶವಂತಪುರ, ಅದಕ್ಕೆ ಹೊಂದಿಕೊಂಡ ಮಲ್ಲೇಶ್ವರ ಮತ್ತು ಹೆಬ್ಬಾಳಗಳಲ್ಲಿ ನೆಲದಿಂದ ಹೊರಬಂದ ಮೂರು ಬಗೆಯ ವಸ್ತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ದೊರೆಯುತ್ತದೆ.

ಯಶವಂತಪುರದ ನಾಣ್ಯಗಳು

೧೮೯೧ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ದೊರೆಯಿತು. ಅದರಲ್ಲಿ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ಚಕ್ರವರ್ತಿಗಳ ಹೆಸರಿನ ನಾಣ್ಯಗಳಿದ್ದವು. ಪಿಲಾತನು ಯೂದಾಯ ಪ್ರಾಂತವನ್ನು ಆಳಿದ್ದು ಇದೇ ಟೈಬೀರಿಯಸನ ಕಾಲದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಚಲನಚಿತ್ರದಲ್ಲಿ ಲೋಕವನ್ನೇ ತಲ್ಲಣಗೊಳಿಸಿದ ನಾಣ್ಯದ ಸಮಕಾಲೀನ ನಾಣ್ಯಗಳು ಯಶವಂತಪುರದಲ್ಲಿ ಯಾವ ಗದ್ದಲವನ್ನೂ ಎಬ್ಬಿಸಲಿಲ್ಲ. ಅವುಗಳನ್ನು ಯಾರೂ ಪೂಜಿಸುತ್ತಿರಲಿಲ್ಲ. ಅವುಗಳ ಮೇಲೆ ಯಾವ ಸಮುದಾಯದ ಹಕ್ಕೂ ಇರಲಿಲ್ಲ. ಹೀಗಾಗಿ ಅವು ನೇರವಾಗಿ ದಕ್ಷಿಣ ಭಾರತದ ಪ್ರಾಚೀನ ವ್ಯಾಪಾರದ ಅಧ್ಯಯನಕ್ಕೆ ಆಕರವಾದವು.

ಕಾಲನಿರ್ಣಯದ ಮೊದಲ ಪಾಠವನ್ನೂ ಈ ನಾಣ್ಯಗಳಿಂದಲೇ ಕಲಿಯಬಹುದು. ನಾಣ್ಯವೊಂದು ಟಂಕಿತವಾಗುವುದಕ್ಕೆ ಮುಂಚೆ ನಿಧಿಯನ್ನು ಹೂಳಿರಲು ಸಾಧ್ಯವಿಲ್ಲ. ಆದರೆ ಟಂಕಿಸಿದ ಎಷ್ಟು ವರ್ಷಗಳ ಅನಂತರ ಹೂಳಿದರು ಎಂಬುದನ್ನು ನಾಣ್ಯ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಸುತ್ತಲಿನ ಮಣ್ಣಿನ ಪದರ, ಜೊತೆಯಲ್ಲಿ ದೊರೆತ ಮಡಕೆ, ಇದ್ದಿಲು, ಮೂಳೆ ಇತ್ಯಾದಿ. ವಸ್ತು ಒಂದು ಸಾಕ್ಷ್ಯವಾದರೆ ಅದು ಇದ್ದ ಸ್ಥಿತಿ ಇನ್ನೊಂದು ಸಾಕ್ಷ್ಯ. ಎರಡನೆಯದು ಒಮ್ಮೆ ಕಳೆದುಹೋದರೆ ಮರಳಿ ದೊರೆಯದು.

ಮಲ್ಲೇಶ್ವರದ ನಂದಿತೀರ್ಥ

ಯಶವಂತಪುರಕ್ಕೆ ದಕ್ಷಿಣದಲ್ಲಿರುವ ಮಲ್ಲೇಶ್ವರವು ಬಡಾವಣೆಯಾಗಿ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ೧೮೯೮ರ ಪ್ಲೇಗು ಅದರ ಬೆಳವಣಿಗೆಯನ್ನು ತ್ವರಿತಗೊಳಿಸಿತು. ಆದರೆ ಊರು ಅದಕ್ಕಿಂತ ಹಳೆಯದು. ಕಾಡು ಮಲ್ಲೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಕ್ರಿ.ಶ. ೧೬೬೯ರ ಶಾಸನವು ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟ ವಿಷಯವನ್ನು ತಿಳಿಸುತ್ತದೆ. ದತ್ತಿಯನ್ನಿತ್ತವನು ಶಹಾಜಿಯ ಮಗ, ಶಿವಾಜಿಯ ಮಲಸೋದರನಾದ ಏಕೋಜಿ.

ಈ ದೇವಾಲಯದ ಹತ್ತಿರ, ಗಂಗಮ್ಮ ದೇವಾಲಯದ ಎದುರಿಗೆ ಇದ್ದ ಖಾಲಿ ನಿವೇಶನವೊಂದು ೧೯೯೭ರ ಸುಮಾರಿನಲ್ಲಿ ವಿವಾದಕ್ಕೆ ಒಳಗಾಯಿತು. ಸ್ಥಳೀಯರು ಹೇಳುವ ಪ್ರಕಾರ ಆ ಜಾಗವನ್ನು ಮಾರುವ ಪ್ರಯತ್ನ ನಡೆದಿತ್ತು; ನೆಲದಡಿಯಲ್ಲಿ ಹಳೆಯ ರಚನೆಯಿದೆ, ಮೊದಲು ಅಗೆದು ನೋಡಬೇಕು ಎಂದು ನಿವಾಸಿಗಳು ಪಟ್ಟುಹಿಡಿದರು. ಮಣ್ಣನ್ನು ತೆಗೆದಾಗ ಕಲ್ಲಿನ ಕಂಬಗಳ ಪ್ರಾಕಾರ, ನಡುವೆ ಮೆಟ್ಟಿಲುಗಳುಳ್ಳ ಕಲ್ಯಾಣಿ, ನಂದಿಯ ಬಾಯಿಂದ ಶಿವಲಿಂಗದ ಮೇಲೆ ಬೀಳುವ ನೀರಿನ ಧಾರೆ ಬೆಳಕಿಗೆ ಬಂದವು. ಇದೇ ಇಂದಿನ ದಕ್ಷಿಣಮುಖ ನಂದಿತೀರ್ಥ ಕಲ್ಯಾಣಿ ಕ್ಷೇತ್ರ.

ಚಲನಚಿತ್ರದ ಕಥೆಗೆ ಇದು ತಿರುವುಮುರುವಾದ ನಿದರ್ಶನ ಎಂಬುದು ಗಮನಾರ್ಹ. ಅಲ್ಲಿ ಅಗೆತವು ಶ್ರದ್ಧೆಗೆ ಅಪಾಯ. ಇಲ್ಲಿ ಶ್ರದ್ಧೆಯೇ ಅಗೆತವನ್ನು ಒತ್ತಾಯಿಸಿತು. ಜನರ ನಂಬಿಕೆ ಎಚ್ಚರವಾಗಿರದಿದ್ದಲ್ಲಿ ಆ ಕಲ್ಯಾಣಿಯ ಮೇಲೆ ಇಂದು ಕಟ್ಟಡವೊಂದು ನಿಂತಿರುತ್ತಿತ್ತು. ಪುರಾತನ ಅವಶೇಷವನ್ನು ಉಳಿಸಿದ ಶ್ರೇಯಸ್ಸು ಇಲ್ಲಿ ಭಕ್ತರಿಗೆ ಸಲ್ಲಬೇಕು.

ಘರ್ಷಣೆ ಆರಂಭವಾಗುವುದು ಅನಂತರದ ಹಂತದಲ್ಲಿ, ಕಾಲದ ವಿಚಾರದಲ್ಲಿ. ಈ ತೀರ್ಥವು ೪೦೦ ವರ್ಷ ಹಳೆಯದೆಂಬ ಮಾತಿನ ಜೊತೆಗೆ ೭೦೦೦ ವರ್ಷ ಹಳೆಯದೆಂಬ ಮಾತೂ ಪ್ರಚಾರದಲ್ಲಿದೆ. ಎರಡನೆಯ ಹೇಳಿಕೆಯನ್ನು ದಕ್ಷಿಣ ಭಾರತದ ಪ್ರಾಕ್ತನ ಕಾಲಾನುಕ್ರಮದ ಎದುರು ಇಟ್ಟು ಪರಿಶೀಲಿಸಬಹುದು. ೭೦೦೦ ವರ್ಷಗಳ ಹಿಂದೆ ಎಂದರೆ ಕ್ರಿ.ಪೂ. ೫೦೦೦ದ ಸುಮಾರು. ಕರ್ನಾಟಕದ ಸಂಗನಕಲ್ಲು, ಬ್ರಹ್ಮಗಿರಿ, ಬೂದಿಹಾಳ ಮುಂತಾದ ನವಶಿಲಾಯುಗದ ನೆಲೆಗಳು ಕ್ರಿ.ಪೂ. ಮೂರನೆಯ ಸಹಸ್ರಮಾನ ಮತ್ತು ಅದರ ಈಚಿನವು. ಕಬ್ಬಿಣದ ಬಳಕೆ ಇನ್ನೂ ಈಚಿನದು. ಗಡಸು ಶಿಲೆಯನ್ನು ಸೀಳಿ ಕಂಬ, ತೊಲೆಗಳಾಗಿ ಕಡೆಯಲು ಕಬ್ಬಿಣದ ಉಳಿ ಬೇಕು; ಕಲ್ಲಿನಲ್ಲಿ ದೇವಾಲಯಗಳನ್ನು ಕಟ್ಟುವ ಪದ್ಧತಿ ಈ ನಾಡಿನಲ್ಲಿ ನೆಲೆಗೊಂಡದ್ದು ಕ್ರಿಸ್ತಶಕದ ಆರನೆಯ ಶತಮಾನದ ಆಚೀಚೆ. ಆದ್ದರಿಂದ ೭೦೦೦ ವರ್ಷಗಳ ಹೇಳಿಕೆಯನ್ನು ಒಪ್ಪಲು ಸಾಧ್ಯವಿಲ್ಲ. ೪೦೦ ವರ್ಷಗಳ ಹೇಳಿಕೆ ಸಂಭವನೀಯವಾದರೂ ೧೬೬೯ರ ಶಾಸನದಿಂದ ಅದು ತಾನಾಗಿ ಸಿದ್ಧವಾಗುವುದಿಲ್ಲ. ಶಾಸನ ಹೇಳುವುದು ಮಲ್ಲಿಕಾರ್ಜುನ ದೇವರಿಗೆ ಕೊಟ್ಟ ದತ್ತಿಯನ್ನು; ಆ ವೇಳೆಗೆ ದೇವರ ಪ್ರತಿಷ್ಠೆಯಾಗಿತ್ತು ಎಂಬಷ್ಟು ಮಾತ್ರ ಅದರಿಂದ ತಿಳಿಯುತ್ತದೆ. ಕಲ್ಯಾಣಿಗೂ ಅದೇ ಕಾಲವನ್ನು ಹೇಳಬೇಕಾದರೆ ಕಂಬಗಳ ಶೈಲಿ, ಕಲ್ಲು ಕೂಡಿಸಿದ ಬಗೆ ಮತ್ತು ಅದನ್ನು ಮುಚ್ಚಿದ್ದ ಮಣ್ಣಿನ ಸಾಕ್ಷ್ಯ ಬೇಕಾಗುತ್ತದೆ.

ನಿಜವಾದ ನಷ್ಟವಿರುವುದು ಈ ಕೊನೆಯ ಅಂಶದಲ್ಲಿ. ಭಕ್ತನಿಗೆ ಆ ಮಣ್ಣು ದೇವರನ್ನು ಮರೆಮಾಡಿದ್ದ ತೆರೆ. ಪುರಾತತ್ತ್ವಜ್ಞನಿಗೆ ಅದೇ ಗ್ರಂಥ. ಕಲ್ಯಾಣಿ ಯಾವಾಗ ಬಳಕೆ ತಪ್ಪಿತು, ಕೆರೆಯ ಹೂಳು ತುಂಬಿತೋ ಮನುಷ್ಯರೇ ಮುಚ್ಚಿದರೋ ಎಂಬುದನ್ನು ಪದರ ಪದರವಾಗಿ ಬಿಡಿಸಿ, ಅಳತೆ ತೆಗೆದು, ಚಿತ್ರಿಸಿ, ಬರೆದಿಟ್ಟಿದ್ದರೆ ಮಾತ್ರ ತಿಳಿಯಬಹುದು. ಮಣ್ಣನ್ನು ತೆರವು ಮಾಡುವುದಕ್ಕೂ ಉತ್ಖನನ ಮಾಡುವುದಕ್ಕೂ ಇರುವ ವ್ಯತ್ಯಾಸ ಇದು. ನಂದಿಯ ಬಾಯಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ಕೌತುಕದ ಸ್ಥಿತಿ ಬೇರೆ. ಬೆಂಗಳೂರಿನ ತಳದ ಶಿಲೆಯ ಬಿರುಕುಗಳಲ್ಲಿ ಅಂತರ್ಜಲ ಹರಿಯುವುದು ತಿಳಿದ ಸಂಗತಿ. ಹತ್ತಿರದಲ್ಲಿಯೇ ೧೮೮೨ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆಯೂ ಇದೆ. ಒರತೆಯ ಮೂಲವನ್ನು ಇಂದಿಗೂ ಪರೀಕ್ಷಿಸಬಹುದು. ತೆಗೆದು ಹಾಕಿದ ಮಣ್ಣನ್ನು ಮಾತ್ರ ಪುನಃ ಅದರ ಸ್ಥಾನದಲ್ಲಿಟ್ಟು ಓದಲಾಗದು.

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು

ಮಲ್ಲೇಶ್ವರದ ಘಟನೆಯಾದ ಎರಡು ದಶಕಗಳ ಅನಂತರ, ೨೦೧೮ರಲ್ಲಿ, ಹೆಬ್ಬಾಳದಲ್ಲಿ ಚರಂಡಿಯ ಕಾಮಗಾರಿಗೆ ನೆಲ ಅಗೆಯುವಾಗ ವೀರಗಲ್ಲೊಂದು ಹೊರಬಂದಿತು. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಪೆರ್ಬೊಳಲ್ ನಾಡು ಮೂವತ್ತರಲ್ಲಿ ನಡೆದ ‘ಊರಳಿವು’ ಎಂಬ ಕಾಳಗದಲ್ಲಿ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕ ಅದು. ಹೆಬ್ಬಾಳ ಎಂಬ ಊರಿನ ಹೆಸರಿನ ಹಳೆಯ ರೂಪವನ್ನು ‘ಪೆರ್ಬೊಳಲ್’ ಎಂಬಲ್ಲಿ ಗುರುತಿಸಲಾಗಿದೆ.

ಈ ಕಲ್ಲಿನಲ್ಲಿ ಶಕವರ್ಷದ ಉಲ್ಲೇಖವಿಲ್ಲ. ಆದರೂ ಅದನ್ನು ಕ್ರಿ.ಶ. ೭೫೦ರ ಸುಮಾರಿನದೆಂದು ನಿರ್ಧರಿಸಲು ಎರಡು ಆಧಾರಗಳಿವೆ. ಮೊದಲನೆಯದು ದೊರೆಯ ಹೆಸರು. ಶ್ರೀಪುರುಷನು ಎಂಟನೆಯ ಶತಮಾನದ ಎರಡನೆಯ ಪಾದದಿಂದ ಸುಮಾರು ೭೮೮ರವರೆಗೆ ಆಳಿದನು. ಎರಡನೆಯದು ಅಕ್ಷರಗಳ ಆಕಾರ. ಕಾಲ ತಿಳಿದಿರುವ ಅನ್ಯ ಶಾಸನಗಳ ಲಿಪಿಯೊಡನೆ ಹೋಲಿಸಿದಾಗ ಅವು ಆ ಶತಮಾನಕ್ಕೇ ಸಲ್ಲುತ್ತವೆ. ‘ಸುಮಾರು’ ಎಂಬ ಮಾತು ಇಲ್ಲಿ ಸಂಶೋಧನೆಯ ದೌರ್ಬಲ್ಯದ ಸೂಚನೆಯಾಗಿರದೆ ಅದರ ಪ್ರಾಮಾಣಿಕತೆಯ ಗುರುತಾಗಿದೆ. ತನ್ನ ಮಿತಿಯನ್ನು ಹೇಳಿಕೊಳ್ಳುವ ಕಾಲನಿರ್ಣಯವನ್ನು ಹೊಸ ಆಧಾರ ದೊರೆತಾಗ ತಿದ್ದಬಹುದು; ೭೦೦೦ ವರ್ಷಗಳೆಂಬ ಘೋಷಣೆಯನ್ನು ತಿದ್ದುವ ದಾರಿಯೇ ಇಲ್ಲ.

ಬಿ.ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡಿದೆ. ಕಿತ್ತಯ್ಯನ ಕಲ್ಲು ಆಗ ನೆಲದಡಿಯಲ್ಲಿತ್ತು. ಅದು ಮತ್ತೆ ಚರಂಡಿಯ ಕಲ್ಲುಮಣ್ಣಿನೊಡನೆ ಹೋಗದೆ ಉಳಿದದ್ದು ಸ್ಥಳೀಯರ ಮತ್ತು ಶಾಸನಾಸಕ್ತರ ಸಮಯೋಚಿತ ಪ್ರಯತ್ನದಿಂದ. ಊರಿನವರ ಸಹಕಾರದಿಂದ ಅದಕ್ಕೆ ಮಂಟಪವನ್ನೂ ಕಟ್ಟಲಾಯಿತು. ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳ ಡಿಜಿಟಲ್ ಪ್ರತಿಗಳಾಗಿ ಸಂರಕ್ಷಿಸುವ ಕಾರ್ಯವನ್ನು ಕೈಗೊಂಡಿತು. ಸವೆದ ಅಕ್ಷರಗಳನ್ನು ಬೆಳಕಿನ ದಿಕ್ಕು ಬದಲಿಸಿ ಓದಲು ಇಂತಹ ಪ್ರತಿಗಳು ನೆರವಾಗುತ್ತವೆ. ಮೂಲ ಕಲ್ಲಿಗೆ ಹಾನಿಯಾದರೂ ಪಾಠ ಉಳಿಯುತ್ತದೆ.

ಕಾಯುವ ಕೈ, ಅಳಿಸುವ ಕೈ

ವೀರಗಲ್ಲು, ಮಾಸ್ತಿಕಲ್ಲುಗಳನ್ನು ಗ್ರಾಮದೇವತೆಗಳಾಗಿ ಪೂಜಿಸುವುದು ಕರ್ನಾಟಕದ ಉದ್ದಗಲಕ್ಕೂ ಇರುವ ವಾಡಿಕೆ. ಪೂಜೆಗೊಳ್ಳುವ ಕಲ್ಲನ್ನು ಯಾರೂ ಒಡೆದು ತಳಪಾಯಕ್ಕೆ ಹಾಕುವುದಿಲ್ಲ. ‘ಬೆಂಗಳೂರು’ ಎಂಬ ಹೆಸರನ್ನು ಉಳಿಸಿಕೊಂಡಿರುವ ಒಂಬತ್ತನೆಯ ಶತಮಾನದ ಕೊನೆಯ ವೀರಗಲ್ಲು ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ನಮಗೆ ದೊರೆತಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆದರೆ ಅದೇ ಶ್ರದ್ಧೆಯು ಎಣ್ಣೆ, ಅರಿಸಿನ, ಕುಂಕುಮಗಳಿಂದ, ಇತ್ತೀಚೆಗೆ ಬಣ್ಣ ಮತ್ತು ಸಿಮೆಂಟಿನಿಂದ ಅಕ್ಷರಗಳನ್ನು ಮುಚ್ಚಿಬಿಡುತ್ತದೆ. ಶಾಸನದಲ್ಲಿ ನಿಧಿಯ ಗುರುತು ಬರೆದಿದೆ ಎಂಬ ಇನ್ನೊಂದು ನಂಬಿಕೆ ಕಲ್ಲನ್ನೇ ಒಡೆಯಿಸುತ್ತದೆ. ಆದಕಾರಣ ಶ್ರದ್ಧೆಯನ್ನು ಒಟ್ಟಾರೆಯಾಗಿ ಪುರಾತತ್ತ್ವದ ವೈರಿ ಎನ್ನುವುದೂ ರಕ್ಷಕ ಎನ್ನುವುದೂ ಅರೆಸತ್ಯವಾಗುತ್ತದೆ.

ಕಾನೂನು ಮತ್ತು ರಾಜಕೀಯ

ಕಾಲವನ್ನು ಹಿಗ್ಗಿಸುವ ಪ್ರವೃತ್ತಿಗೆ ಭಕ್ತಿಯಷ್ಟೇ ಅಲ್ಲದೆ ಭೂಮಿಯ ಬೆಲೆಯೂ ಕಾರಣ. ಪ್ರಾಚೀನವೆಂದರೆ ಜಾಗ ಉಳಿಯುತ್ತದೆ ಎಂಬ ಎಣಿಕೆ ಅದರ ಹಿಂದಿದೆ. ಆದರೆ ಕೇಂದ್ರದ ೧೯೫೮ರ ಪ್ರಾಚೀನ ಸ್ಮಾರಕಗಳ ಅಧಿನಿಯಮವು ಸ್ಮಾರಕಕ್ಕೆ ಕೇಳುವ ಕನಿಷ್ಠ ವಯಸ್ಸು ೧೦೦ ವರ್ಷ ಮಾತ್ರ. ರಾಜ್ಯದ ಸ್ಮಾರಕಗಳಿಗಾಗಿ ಕರ್ನಾಟಕದ ೧೯೬೧ರ ಅಧಿನಿಯಮವಿದೆ. ಮೂರು ಶತಮಾನಗಳ ಕಲ್ಯಾಣಿಯೊಂದು ರಕ್ಷಣೆಗೆ ಅರ್ಹವಾಗಲು ಸಹಸ್ರಮಾನಗಳ ಹಂಗು ಬೇಕಿಲ್ಲ.

ಸಾರ್ವಜನಿಕ ಸ್ಥಳಗಳ ಅನಧಿಕೃತ ಧಾರ್ಮಿಕ ಕಟ್ಟಡಗಳ ಕುರಿತು ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ ಆದೇಶ ನೀಡಿದ ಮೇಲೆ ಈ ಪ್ರಶ್ನೆ ಇನ್ನಷ್ಟು ಬಿಸಿಯಾಯಿತು. ೨೦೨೧ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮ ದೇವಾಲಯವನ್ನು ಕೆಡವಿದಾಗ ರಾಜ್ಯದಲ್ಲಿ ವಿರೋಧ ವ್ಯಕ್ತವಾಗಿ, ಅದೇ ತಿಂಗಳು ಧಾರ್ಮಿಕ ಕಟ್ಟಡಗಳ ಸಂರಕ್ಷಣೆಯ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ನೀಡಿತು. ಕಟ್ಟಡವೊಂದರ ವಯಸ್ಸು ಹೀಗೆ ಆಡಳಿತದ ಪ್ರಶ್ನೆಯಾದಾಗ, ವಯಸ್ಸನ್ನು ನಿರ್ಧರಿಸುವ ವಿಧಾನ ನಿಷ್ಪಕ್ಷಪಾತವಾಗಿರುವುದು ಎಲ್ಲ ಪಕ್ಷಗಳಿಗೂ ಅಗತ್ಯವಾಗುತ್ತದೆ.

ಪುರಾತತ್ತ್ವದ ಮೇಲೆ ಅದು ಹೊರಲಾಗದ ಭಾರವನ್ನು ಹೊರಿಸುವುದರ ವಿರುದ್ಧ ನ್ಯಾಯಾಲಯವೇ ಎಚ್ಚರಿಸಿದೆ. ಅಯೋಧ್ಯೆಯಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯದ ಆದೇಶದಂತೆ ೨೦೦೩ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಉತ್ಖನನ ನಡೆಸಿತು. ಸರ್ವೋಚ್ಚ ನ್ಯಾಯಾಲಯವು ೨೦೧೯ರ ನವೆಂಬರ್ ೯ರ ತೀರ್ಪಿನಲ್ಲಿ ಆ ವರದಿಯನ್ನು ಸಾಕ್ಷ್ಯವಾಗಿ ಪರಿಗಣಿಸಿದರೂ, ಭೂಮಿಯ ಒಡೆತನವನ್ನು ಪುರಾತತ್ತ್ವದ ಶೋಧಗಳ ಆಧಾರದ ಮೇಲೆ ತೀರ್ಮಾನಿಸಲಾಗದು ಎಂದು ಸ್ಪಷ್ಟಪಡಿಸಿತು.

ಉಪಸಂಹಾರ

ಮೂರು ನಿದರ್ಶನಗಳಿಂದ ಹೊರಡುವ ತಾತ್ಪರ್ಯ ಒಂದೇ. ಪುರಾತತ್ತ್ವವು ಕಲ್ಲಿನ ವಯಸ್ಸನ್ನು ಹೇಳಬಲ್ಲುದೇ ಹೊರತು ದೇವರ ವಯಸ್ಸನ್ನಲ್ಲ. ನಂದಿತೀರ್ಥದ ಕಂಬಗಳು ಹದಿನೇಳನೆಯ ಶತಮಾನದವೆಂದು ಮುಂದೊಮ್ಮೆ ಸಿದ್ಧವಾದರೂ ಅಲ್ಲಿ ಕೈಮುಗಿಯುವವರಿಗೆ ಏನೂ ಕಡಿಮೆಯಾಗದು. ಮಣ್ಣಿನ ಪದರವನ್ನು ಓದದೆ ತೆಗೆದುಹಾಕಿದರೆ ಮಾತ್ರ ಭಕ್ತರಿಗೂ ವಿದ್ವಾಂಸರಿಗೂ ಸಮಾನವಾಗಿ ಸೇರಿದ ಊರಿನ ಚರಿತ್ರೆಯ ಒಂದು ಪುಟ ಶಾಶ್ವತವಾಗಿ ಹರಿದುಹೋಗುತ್ತದೆ. ಯಲಹಂಕದಿಂದ ಯಶವಂತಪುರದವರೆಗೆ ಚರಂಡಿ, ಮೇಲುಸೇತುವೆ, ಬಹುಮಹಡಿ ಕಟ್ಟಡಗಳಿಗಾಗಿ ನೆಲವನ್ನು ಅಗೆಯುವ ಕೆಲಸ ನಡೆಯುತ್ತಲೇ ಇರುತ್ತದೆ. ಗುದ್ದಲಿಗೆ ಕಲ್ಲು ತಾಗಿದೊಡನೆ ಕೆಲಸವನ್ನು ನಿಲ್ಲಿಸಿ, ಅದು ಇದ್ದ ಸ್ಥಿತಿಯನ್ನು ಛಾಯಾಚಿತ್ರ ಮತ್ತು ಅಳತೆಗಳೊಡನೆ ದಾಖಲಿಸಿ, ಇಲಾಖೆಗೆ ತಿಳಿಸಿದ ಅನಂತರವೇ ಮೇಲೆತ್ತುವುದು ನಿಯತವಾದ ಕ್ರಮವಾಗಬೇಕು. ಆ ಮೇಲೆ ಅದು ಗುಡಿಗೆ ಸೇರಲಿ, ಮಂಟಪಕ್ಕೆ ಸೇರಲಿ, ವಸ್ತುಸಂಗ್ರಹಾಲಯಕ್ಕೆ ಸೇರಲಿ, ಅದರ ಸಾಕ್ಷ್ಯ ಉಳಿದಿರುತ್ತದೆ.